ಹ್ಯಾಲಿಫ್ಯಾಕ್ಸ್‌ನ ಕಪ್ಪು ಚರ್ಚು: ಉಣ್ಣೆಯ ಊರಿನಲ್ಲಿ ಒಂದು ವಾರಾಂತ್ಯ

ಶುಕ್ರವಾರ

ಲೀಡ್ಸ್‌ನಿಂದ ಹ್ಯಾಲಿಫ್ಯಾಕ್ಸ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಅಕ್ಕನ ಮಗಳು ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ. "ಯಾರ್ಕ್‌ಗೆ ಹೋಗೋಣ ಚಿಕ್ಕಮ್ಮ, ಅಲ್ಲಿನ ಚರ್ಚು ನೋಡಿದರೆ ಬೇರೆ ಚರ್ಚು ನೋಡೋದೇ ಬೇಡ" ಎಂದು ಅವಳು ಒತ್ತಾಯ ಮಾಡಿದಳು. ನನಗೆ ಹ್ಯಾಲಿಫ್ಯಾಕ್ಸೇ ಬೇಕಿತ್ತು. ನಾನು ಬೆಳೆದದ್ದು ದಾವಣಗೆರೆಯಲ್ಲಿ. ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಬಟ್ಟೆಯಿಂದ ಬದುಕಿದ ಊರು ಎಂದರೆ ಅದು ಎಲ್ಲಿದ್ದರೂ ನನಗೆ ನೋಡುವ ಆಸೆ. ಅಂಥ ಊರಿನ ಕಥೆ ಮಿಲ್ಲಿನ ಚಿಮಣಿಗಿಂತ ಅಲ್ಲಿನ ಹಳೇ ಚರ್ಚಿನಲ್ಲೇ ಜಾಸ್ತಿ ಸಿಗುತ್ತದೆ ಎಂದು ಓದಿ ತಿಳಿದಿದ್ದೆ. ಅದನ್ನು ಕಣ್ಣಾರೆ ನೋಡಬೇಕಿತ್ತು.

ಹ್ಯಾಲಿಫ್ಯಾಕ್ಸ್ ಇರುವುದು ಇಂಗ್ಲೆಂಡಿನ ಉತ್ತರದಲ್ಲಿ, ಪಶ್ಚಿಮ ಯಾರ್ಕ್‌ಷೈರಿನ ಗುಡ್ಡಗಳ ನಡುವೆ. ಸುತ್ತ ಎತ್ತರ, ಮಧ್ಯೆ ತಗ್ಗು. ರೈಲು ಇಳಿದ ಕೂಡಲೇ ಒಂದು ಕಡೆ ಚಾಕೊಲೇಟ್ ಕಾರ್ಖಾನೆ. 1936ರಲ್ಲಿ ಮ್ಯಾಕಿಂಟಾಷ್ ಕಂಪನಿ 'ಕ್ವಾಲಿಟಿ ಸ್ಟ್ರೀಟ್' ಮಿಠಾಯಿ ಶುರು ಮಾಡಿದ್ದು ಈ ಊರಿನಲ್ಲೇ. ಅಲ್ಲಿಂದ ಕೆಲವೇ ಹೆಜ್ಜೆಗೆ ಹ್ಯಾಲಿಫ್ಯಾಕ್ಸ್ ಮಿನ್‌ಸ್ಟರ್. ಸ್ನಾನಿಕ ಯೋಹಾನನ ಹೆಸರಿನ ಆಂಗ್ಲಿಕನ್, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ, ಪ್ಯಾರಿಷ್ ಚರ್ಚು. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಸೇರಿದ ಸೀಮೆ. 'ಮಿನ್‌ಸ್ಟರ್' ಎಂಬ ಗೌರವ (ಮುಖ್ಯ ಚರ್ಚುಗಳಿಗೆ ಕೊಡುವ ಬಿರುದು) ಸಿಕ್ಕಿದ್ದು 2009ರಲ್ಲಿ. ಅದಕ್ಕೂ ಮುಂಚೆ ಶತಮಾನಗಟ್ಟಲೆ ಅದು ಬರೀ 'ಪ್ಯಾರಿಷ್ ಚರ್ಚ್'.

ಮೊದಲು ಕಣ್ಣಿಗೆ ಬಿದ್ದದ್ದು ಬಣ್ಣ. ಗೋಡೆ, ಗೋಪುರ ಎಲ್ಲಾ ಕಪ್ಪು. ಇದು ಈ ಕಡೆಯ ಮರಳುಗಲ್ಲು, ಹೊಸದರಲ್ಲಿ ಜೇನಿನ ಬಣ್ಣ ಇರುತ್ತದೆ. ತಗ್ಗಿನ ಊರು, ನೂರಾರು ಚಿಮಣಿ. ಹೊಗೆ ಎಲ್ಲಿಗೂ ಹೋಗದೆ ಇಲ್ಲೇ ಕೂತಿತು. ಊರಿನ ಬೇರೆ ಕಟ್ಟಡ ಎಷ್ಟೋ ತೊಳೆದು ಬೆಳ್ಳಗಾಗಿವೆ. ಚರ್ಚಿನ ಮೇಲೆ ಮಸಿ ಹಾಗೇ ಉಳಿದಿದೆ. ನನಗಂತೂ ಅದು ಹಾಗೇ ಇರಲಿ ಅನಿಸಿತು. ಅದೂ ಊರಿನ ದಾಖಲೆಯೇ ಅಲ್ವಾ?

12ನೇ ಶತಮಾನದಲ್ಲಿ ಇಲ್ಲಿ ಚರ್ಚು ಇತ್ತು. ದಕ್ಷಿಣ ಇಂಗ್ಲೆಂಡಿನ ಲೂಯಿಸ್ ಎಂಬಲ್ಲಿನ ಮಠದ ಸನ್ಯಾಸಿಗಳ ಕೈಯಲ್ಲಿ ಅದಿತ್ತು. ಆ ಹಳೇ ಕಟ್ಟಡದ ಅಂಕುಡೊಂಕು ಗೆರೆ ಕೆತ್ತಿದ ಕಲ್ಲುಗಳು ಈಗಿನ ಗೋಡೆಯಲ್ಲಿ ಅಲ್ಲಲ್ಲಿ ಸೇರಿಕೊಂಡಿವೆ. ಈಗ ನಾವು ನೋಡುವ ಚರ್ಚು ಬಹುಪಾಲು 15ನೇ ಶತಮಾನದ್ದು. ಆ ಹೊತ್ತಿಗೆ ಈ ಗುಡ್ಡಗಳಲ್ಲಿ ಉಣ್ಣೆ ಬಟ್ಟೆಯ ಕೆಲಸ ಬೇರು ಬಿಟ್ಟಿತ್ತು. ಇಲ್ಲಿನ ಮಣ್ಣು ಬಡ ಮಣ್ಣು, ಮಳೆ ಜಾಸ್ತಿ. ಬೇಸಾಯವೊಂದನ್ನೇ ನಂಬಿದರೆ ಹೊಟ್ಟೆ ತುಂಬದು. ಆದರೆ ತೊರೆಗಳ ನೀರು ಮೆದು, ಉಣ್ಣೆ ತೊಳೆಯಲು ಹೇಳಿ ಮಾಡಿಸಿದ್ದು. ಹಾಗಾಗಿ ಮನೆಮನೆಯಲ್ಲೂ ಮಗ್ಗ ಬಂತು, ಮಗ್ಗದ ದುಡ್ಡಿನಿಂದ ಈ ಗೋಪುರ ಎದ್ದಿತು.

ಒಳಗೆ ಹೋದೆವು. ಬಾಗಿಲ ಹತ್ತಿರ ಒಬ್ಬ ಮುದುಕ ನಿಂತಿದ್ದಾನೆ, ಮರದ ಮುದುಕ. ಹೆಸರು 'ಓಲ್ಡ್ ಟ್ರಿಸ್ಟ್ರಮ್'. ಆಳೆತ್ತರದ ಗೊಂಬೆ, ಕೈಯಲ್ಲಿ ಕಾಣಿಕೆ ಪೆಟ್ಟಿಗೆ. 'ಬಡವರನ್ನು ನೆನೆಯಿರಿ' ಎಂದು ಬರೆದಿದೆ. 1701ರ ಸುಮಾರಿನದು ಎನ್ನುತ್ತಾರೆ. ಈ ಚರ್ಚಿನ ಸುತ್ತ ಭಿಕ್ಷೆ ಬೇಡುತ್ತಿದ್ದ ಒಬ್ಬನನ್ನೇ ನೋಡಿ ಕೆತ್ತಿದ್ದಂತೆ. ಮುಖದಲ್ಲಿ ದೀನತೆ ಇಲ್ಲ, ಗಡ್ಡ ಬಿಟ್ಟುಕೊಂಡು ನೇರ ನೋಡುತ್ತಾನೆ. ಅಕ್ಕನ ಮಗಳು ಚಿಲ್ಲರೆ ಹಾಕಿದಳು.

ಅಲ್ಲೇ ಒಬ್ಬ ಹಿರಿಯರು ಬಂದವರಿಗೆ ಚರ್ಚು ತೋರಿಸುತ್ತಿದ್ದರು. ಸಂಬಳಕ್ಕಲ್ಲ, ಸ್ವಂತ ಇಷ್ಟದಿಂದ ಮಾಡುವ ಕೆಲಸ. ಹುಡುಗನಾಗಿದ್ದಾಗ ಇದೇ ಊರಿನ ಕಾರ್ಪೆಟ್ ಕಾರ್ಖಾನೆಯಲ್ಲಿ ದುಡಿದವರು. ನನ್ನ ಅಪ್ಪ ಮಿಲ್ಲಿನವರು ಎಂದು ಅಕ್ಕನ ಮಗಳು ಹೇಳಿದ್ದೇ ತಡ, ಅವರ ಮುಖ ಅರಳಿತು. "ಹತ್ತಿಯೋ, ಉಣ್ಣೆಯೋ?" ಎಂದು ಕೇಳಿದರು. ಆಮೇಲೆ ಮಧ್ಯಾಹ್ನವೆಲ್ಲ ನಮ್ಮ ಜೊತೆಗೇ ಇದ್ದರು.

ಅವರು ಮೊದಲು ತೋರಿಸಿದ್ದು ಬೆಂಚುಗಳನ್ನು. 1633-34ರಲ್ಲಿ ಮಾಡಿದ ಓಕ್ ಮರದ ಬೆಂಚುಗಳು. ಸುತ್ತ ಮರದ ಗೋಡೆ, ಪ್ರತಿಯೊಂದಕ್ಕೂ ಪುಟ್ಟ ಬಾಗಿಲು. ಒಳಗೆ ಕೂತರೆ ಪಕ್ಕದ ಮನೆಯವರು ಕಾಣುವುದಿಲ್ಲ, ಚಳಿಗಾಳಿಯೂ ಅಷ್ಟಾಗಿ ತಾಗುವುದಿಲ್ಲ. ಆ ಕಾಲದಲ್ಲಿ ಇಂಗ್ಲೆಂಡಿನ ಚರ್ಚುಗಳಲ್ಲಿ ಯಾರು ಎಲ್ಲಿ ಕೂರಬೇಕು ಎನ್ನುವುದು ಅಂತಸ್ತಿನ ಮೇಲೆ ತೀರ್ಮಾನ ಆಗುತ್ತಿತ್ತು. ದುಡ್ಡಿದ್ದವರಿಗೆ ಮುಂದೆ ಬಾಗಿಲಿರುವ ಬೆಂಚು, ಇಲ್ಲದವರಿಗೆ ಹಿಂದೆ ಸಿಕ್ಕ ಜಾಗ. ಬಾಗಿಲಿನ ಚಿಲಕದ ಮೇಲೆ ಕೈ ಇಟ್ಟಾಗ ಟ್ರಿಸ್ಟ್ರಮ್ ಕಡೆಗೆ ನೋಡಿದೆ. ಒಂದೇ ಸೂರಿನಡಿ ಇವೆರಡೂ ಇವೆ.

ಆಮೇಲೆ ಕಿಟಕಿಗಳು. ಚರ್ಚು ಎಂದರೆ ಬಣ್ಣದ ಗಾಜಿನ ಸಂತರು ಎಂದುಕೊಳ್ಳುತ್ತೇವೆ. ಇಲ್ಲಿ ಕೆಲವು ಕಿಟಕಿಗಳಲ್ಲಿ ಚಿತ್ರವೇ ಇಲ್ಲ. ಬಣ್ಣವಿಲ್ಲದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಜೋಡಿಸಿದ ರಂಗೋಲಿಯಂಥ ಹೆಣಿಗೆ, ಅಷ್ಟೇ. ಇವು 1650ರ ದಶಕದವು. ರಾಜನ ತಲೆ ತೆಗೆದು ಕ್ರಾಮ್‌ವೆಲ್ ಆಳುತ್ತಿದ್ದ ಕಾಲ. ಚರ್ಚಿನಲ್ಲಿ ವಿಗ್ರಹ, ಚಿತ್ರ ಕೂಡದು ಎಂದು ಪ್ಯೂರಿಟನ್ನರು, ಅಂದರೆ ಕಟ್ಟುನಿಟ್ಟಿನ ಪ್ರೊಟೆಸ್ಟಂಟರು, ಪಟ್ಟು ಹಿಡಿದಿದ್ದರು. ಆ ಗಡಿಬಿಡಿಯ ವರ್ಷಗಳಲ್ಲಿ ಚರ್ಚಿಗೆ ಹೊಸ ಕಿಟಕಿ ಮಾಡಿಸಿದ್ದೇ ಅಪರೂಪ. ಅವು ಇವತ್ತಿಗೂ ಉಳಿದಿರುವುದು ಇನ್ನೂ ಅಪರೂಪ. ನನ್ನ ಮಟ್ಟಿಗೆ ಈ ಚರ್ಚಿನಲ್ಲಿ ಎಲ್ಲಕ್ಕಿಂತ ಚೆಂದದ ವಸ್ತು ಇದೇ. ಬೆಳಕು ಸುಮ್ನೆ ಬೆಳಕಾಗಿಯೇ ಒಳಗೆ ಬರುತ್ತದೆ.

ಆರ್ಗನ್ನಿನ ಕಥೆಯನ್ನು ಹಿರಿಯರು ಕೊನೆಗೆ ಇಟ್ಟುಕೊಂಡಿದ್ದರು. 1766ರಲ್ಲಿ ಜಾನ್ ಸ್ನೆಟ್ಜ್ಲರ್ ಎಂಬ ಹೆಸರಾಂತ ಕುಶಲಕರ್ಮಿ ಇಲ್ಲಿಗೆ ಹೊಸ ಆರ್ಗನ್ ಮಾಡಿಕೊಟ್ಟ. ನುಡಿಸುವವನನ್ನು ಆರಿಸಲು ಸ್ಪರ್ಧೆ ಇಟ್ಟರು. ಜರ್ಮನಿಯ ಹ್ಯಾನೋವರ್‌ನಿಂದ ಬಂದಿದ್ದ ಒಬ್ಬ ಯುವಕ ನುಡಿಸಿದಾಗ ನಾದ ಎಷ್ಟು ತುಂಬಿಕೊಂಡಿತೆಂದರೆ, ಎರಡು ಕೈಯಲ್ಲಿ ಇದು ಹೇಗೆ ಸಾಧ್ಯ ಎಂದು ಜನ ಬೆರಗಾದರು. ಅವನು ಜೇಬಿನಿಂದ ಎರಡು ಸೀಸದ ತುಂಡು ತೆಗೆದು ತೋರಿಸಿದನಂತೆ. ಅವನ್ನು ಆರ್ಗನ್ನಿನ ಎರಡು ಕೀಗಳ ಮೇಲೆ ಇಟ್ಟು, ಸ್ವರ ನಿಲ್ಲದಂತೆ ಹಿಡಿದು, ಉಳಿದದ್ದನ್ನು ಕೈಯಲ್ಲಿ ನುಡಿಸಿದ್ದ. ಕೆಲಸ ಅವನಿಗೇ ಸಿಕ್ಕಿತು. ಆದರೆ ಕೆಲವೇ ತಿಂಗಳಲ್ಲಿ ಬಿಟ್ಟು ಬಾತ್ ನಗರಕ್ಕೆ ಹೋದ. ಅಲ್ಲಿ 1781ರ ಮಾರ್ಚ್ 13ರ ರಾತ್ರಿ ತಾನೇ ಮಾಡಿದ ದೂರದರ್ಶಕದಲ್ಲಿ ಯುರೇನಸ್ ಗ್ರಹವನ್ನು ಕಂಡ. ಅವನೇ ವಿಲಿಯಂ ಹರ್ಷೆಲ್. ಈ ಚರ್ಚಿನ ಮೊದಲ ಆರ್ಗನಿಸ್ಟ್.

ಶನಿವಾರ

ಬೆಳಿಗ್ಗೆ ಪೀಸ್ ಹಾಲ್. ಚರ್ಚಿನಿಂದ ಸ್ವಲ್ಪ ಮೇಲಕ್ಕೆ ನಡೆದರೆ ಸಿಗುತ್ತದೆ. ಹೊರಗಿನಿಂದ ಬರೀ ಗೋಡೆ. ಬಾಗಿಲು ದಾಟಿದರೆ ದೊಡ್ಡ ಅಂಗಳ, ನಾಲ್ಕೂ ಕಡೆ ಕಂಬಗಳ ಸಾಲು. 1779ರ ಜನವರಿ 1ರಂದು ತೆರೆದದ್ದು. ಸುತ್ತ 315 ಕೋಣೆ. ಗುಡ್ಡದ ಮೇಲಿನ ನೇಕಾರರು ಮನೆಯಲ್ಲಿ ನೇಯ್ದ ಬಟ್ಟೆಯ 'ಪೀಸ್' ಹೊತ್ತು ಶನಿವಾರ ಇಲ್ಲಿಗೆ ಬರುತ್ತಿದ್ದರು. ಎರಡು ಗಂಟೆ ಹೊತ್ತು ವ್ಯಾಪಾರ. ಅಷ್ಟರಲ್ಲಿ ಮಾರಬೇಕು, ಇಲ್ಲವೇ ಹೊತ್ತು ವಾಪಸ್. ಆಮೇಲೆ ಮಿಲ್ಲುಗಳು ಬಂದವು, ಕೈಮಗ್ಗ ಸೋತಿತು. 1871ರಿಂದ ಇದು ಹಣ್ಣು ತರಕಾರಿಯ ಸಗಟು ಮಾರುಕಟ್ಟೆ ಆಯಿತು. ದುರಸ್ತಿ ಮಾಡಿ 2017ರಲ್ಲಿ ಮತ್ತೆ ತೆರೆದಿದ್ದಾರೆ. ಈಗ ಅಂಗಡಿ, ಕಾಫಿ, ಸಂಗೀತ ಕಛೇರಿ.

ಬಟ್ಟೆಗೆ ಈ ಊರು ಎಷ್ಟು ಬೆಲೆ ಕೊಟ್ಟಿತ್ತು ಎಂದು ತಿಳಿಯಲು ಗಿಬೆಟ್ ಸ್ಟ್ರೀಟ್‌ಗೆ ಹೋಗಬೇಕು. ಅಲ್ಲಿ ಕಲ್ಲಿನ ಕಟ್ಟೆಯ ಮೇಲೆ ತಲೆ ಕಡಿಯುವ ಯಂತ್ರದ ಪ್ರತಿಕೃತಿ ನಿಲ್ಲಿಸಿದ್ದಾರೆ. ಫ್ರಾನ್ಸಿನ ಗಿಲೊಟಿನ್‌ಗಿಂತ ಶತಮಾನಗಳಷ್ಟು ಹಳೆಯದು. ಹದಿಮೂರೂವರೆ ಪೆನ್ನಿ ಬೆಲೆಯ ವಸ್ತು ಕದ್ದು ಸಿಕ್ಕಿಬಿದ್ದರೆ ತಲೆ ಹೋಗುತ್ತಿತ್ತು. ನೇಯ್ದ ಬಟ್ಟೆಯನ್ನು ಬಯಲಿನಲ್ಲಿ ಚೌಕಟ್ಟಿಗೆ ಬಿಗಿದು ರಾತ್ರಿಯಿಡೀ ಒಣಗಿಸುತ್ತಿದ್ದರು. ಕದಿಯುವುದು ಸುಲಭ, ಅದಕ್ಕೇ ಭಯ ಬೇಕಿತ್ತು. 1541ರಿಂದ 1650ರವರೆಗೆ ಹೀಗೆ ಸತ್ತ 52 ಜನರ ಹೆಸರು ದಾಖಲಾಗಿವೆ. ದಾಖಲಾಗಿರುವುದು ಎಲ್ಲಿ ಗೊತ್ತಾ? ನಿನ್ನೆ ನೋಡಿದ ಚರ್ಚಿನ ಪ್ಯಾರಿಷ್ ರಿಜಿಸ್ಟರಿನಲ್ಲಿ. ಹುಟ್ಟು, ಮದುವೆ, ಸಾವು ಬರೆದಿಡುತ್ತಿದ್ದ ಅದೇ ಪುಸ್ತಕ. ಅಲ್ಲಿ ನಿಂತು ಫೋಟೋ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಒಂದು ತುಂಡು ಬಟ್ಟೆಗೆ ಒಂದು ಜೀವ.

ಮಧ್ಯಾಹ್ನ ನಾರ್ತ್ ಬ್ರಿಡ್ಜ್ ಕಡೆಗೆ ನಡೆದೆವು. ಸೇತುವೆಯಿಂದ ಕೆಳಗೆ ನೋಡಿದರೆ ಡೀನ್ ಕ್ಲಫ್. ಕ್ರಾಸ್ಲಿ ಕುಟುಂಬದ ಕಾರ್ಪೆಟ್ ಕಾರ್ಖಾನೆ. ಸುಮಾರು ಅರ್ಧ ಮೈಲಿ ಉದ್ದ. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಕಾರ್ಪೆಟ್ ಕಾರ್ಖಾನೆ. 1980ರ ದಶಕದ ಶುರುವಿನಲ್ಲಿ ಮುಚ್ಚಿತು. ಈಗ ಆಫೀಸು, ಹೋಟೆಲು, ಚಿತ್ರಶಾಲೆ ಇವೆ. ಕಟ್ಟಡ ಉಳಿಯಿತಲ್ಲ ಎಂದು ನನಗೆ ಸಮಾಧಾನ. ನಮ್ಮ ಊರಿನಲ್ಲಿ ಮಿಲ್ಲುಗಳು ನಿಂತ ಮೇಲೆ ಗೋಡೆಗಳೂ ಉಳಿಯಲಿಲ್ಲ.

ಸೇತುವೆ ದಾಟಿ ಹೇಲಿ ಹಿಲ್ ಹತ್ತಿದರೆ ಇನ್ನೊಂದು ಆಂಗ್ಲಿಕನ್ ಚರ್ಚು, ಆಲ್ ಸೋಲ್ಸ್. ಇದರ ಹಿಂದೆ ಒಂದು ಪೈಪೋಟಿ ಇದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆಗ ಚರ್ಚ್ ಆಫ್ ಇಂಗ್ಲೆಂಡ್ ಸರ್ಕಾರಿ ಧರ್ಮ. ಅದರ ಪ್ಯಾರಿಷ್ ಚರ್ಚಿನ ರಿಪೇರಿಗೆ ಊರಿನ ಎಲ್ಲರೂ ತೆರಿಗೆ ಕೊಡಬೇಕು. ಮೆಥಡಿಸ್ಟ್, ಕಾಂಗ್ರಿಗೇಷನಲ್‌ನಂಥ ಬೇರೆ ಪ್ರೊಟೆಸ್ಟಂಟ್ ಪಂಗಡದವರೇ ಆಗಲಿ, ಬಿಡುವ ಹಾಗಿಲ್ಲ. 1868ರಲ್ಲಷ್ಟೇ ಆ ಕಡ್ಡಾಯ ಹೋಯಿತು. ಆದರೆ ಮಿಲ್ ಊರುಗಳಲ್ಲಿ ನೇಕಾರರು, ಹೊಸ ಶ್ರೀಮಂತರು ಎಷ್ಟೋ ಜನ ಬೇರೆ ಪಂಗಡಗಳಿಗೆ ಹೋಗಿದ್ದರು. ಹ್ಯಾಲಿಫ್ಯಾಕ್ಸ್‌ನ ಕ್ರಾಸ್ಲಿಗಳು ಕಾಂಗ್ರಿಗೇಷನಲ್ ಪಂಗಡದವರು. ಅವರ ದುಡ್ಡಿನಿಂದ ಪೀಸ್ ಹಾಲ್ ಪಕ್ಕದಲ್ಲೇ 1857ರಲ್ಲಿ ಸ್ಕ್ವೇರ್ ಚರ್ಚ್ ಎದ್ದಿತು. ಅದರ ಶಿಖರ 235 ಅಡಿ. ಇತ್ತ ಎಡ್ವರ್ಡ್ ಅಕ್ರಾಯ್ಡ್ ಇನ್ನೊಬ್ಬ ದೊಡ್ಡ ಮಿಲ್ ಮಾಲೀಕ. ಮೆಥಡಿಸ್ಟ್ ಮನೆತನ, ತಾನು ಆಂಗ್ಲಿಕನ್ ಆದವನು. ಅವನು ಆ ಕಾಲದ ಅತಿ ಹೆಸರಾಂತ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್‌ನನ್ನು ಕರೆಸಿ 1859ರಲ್ಲಿ ಆಲ್ ಸೋಲ್ಸ್ ಮುಗಿಸಿದ. ಇದರ ಶಿಖರ 236 ಅಡಿ. ಒಂದು ಅಡಿ ಜಾಸ್ತಿ!

ಸ್ಕಾಟ್ ತನ್ನ ಚರ್ಚುಗಳಲ್ಲೆಲ್ಲ ಇದೇ ಉತ್ತಮ ಎಂದು ಎಣಿಸಿದ್ದ. ಆದರೆ ಬಳಸಿದ ಕಲ್ಲುಗಳು ಒಂದಕ್ಕೊಂದು ಹೊಂದಲಿಲ್ಲ. ಸುಣ್ಣದಂಶದ ಕಲ್ಲು ಹೊಗೆಗೆ ಸವೆಯಿತು. ಅಕ್ರಾಯ್ಡ್‌ನ ಮಿಲ್ಲುಗಳ ಹೊಗೆಯೇ ಅಕ್ರಾಯ್ಡ್‌ನ ಚರ್ಚನ್ನು ತಿಂದಿತು ಎನ್ನಬಹುದು. 1979ರಲ್ಲಿ ಪೂಜೆ ನಿಂತಿತು. ಈಗ ಪಾಳುಬಿದ್ದ ಚರ್ಚುಗಳನ್ನು ಕಾಪಾಡುವ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ. ನಾವು ಹೋದಾಗ ಬಾಗಿಲು ಹಾಕಿತ್ತು, ಸುತ್ತು ಹಾಕಿ ನೋಡಿದೆವು. ಆಚೆ ಸ್ಕ್ವೇರ್ ಚರ್ಚಿನದು ಇನ್ನೊಂದು ಗತಿ. 1971ರಲ್ಲಿ ಬೆಂಕಿ ಬಿದ್ದು ಕಟ್ಟಡ ಹೋಯಿತು, ಶಿಖರ ಮಾತ್ರ ನಿಂತಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಷ್ಟು ಪೈಪೋಟಿ ಮಾಡಿದ ಈ ಪಂಗಡಗಳು ನಮ್ಮ ಕಡೆ ಒಂದಾಗಿವೆ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಸಭೆಗಳು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ಅದೇ ನಾವು ಸಿಎಸ್‌ಐ ಎನ್ನುವುದು. ಇಂಗ್ಲೆಂಡಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಇವತ್ತಿಗೂ ಬೇರೆ ಬೇರೆ.

ಕೊನೆಗೆ ಬ್ಯಾಂಕ್‌ಫೀಲ್ಡ್ ಮ್ಯೂಸಿಯಂ. ಅದು ಅಕ್ರಾಯ್ಡ್‌ನ ಮನೆ. ಇಲ್ಲಿ ಡ್ಯೂಕ್ ಆಫ್ ವೆಲಿಂಗ್ಟನ್ ರೆಜಿಮೆಂಟಿನ ವಸ್ತುಗಳಿವೆ. ಹ್ಯಾಲಿಫ್ಯಾಕ್ಸ್ ಕಡೆಯ ಹುಡುಗರ ರೆಜಿಮೆಂಟ್ ಅದು. ಸೈನ್ಯಕ್ಕೆ ಸೇರಿಸಲು ಬಂದ ಸಾರ್ಜೆಂಟ್ ಕತ್ತಿಯ ತುದಿಗೆ ಓಟ್ಸ್ ರೊಟ್ಟಿ ಚುಚ್ಚಿಕೊಂಡು ಬರುತ್ತಿದ್ದನಂತೆ. 'ಬಾ, ಊಟ ಸಿಗುತ್ತದೆ' ಎಂದು ತೋರಿಸಲು. ನೇಯ್ಗೆ ಸೋತ ವರ್ಷಗಳಲ್ಲಿ ಆ ರೊಟ್ಟಿ ನೋಡಿ ಎಷ್ಟು ಹುಡುಗರು ಹೋದರೋ.

ಅವರು ಹೋದದ್ದು ಎಲ್ಲಿಗೆ? ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿ 'ಮೈಸೂರು' ಇದೆ. 'ಸೆರಿಂಗಪಟಂ' ಇದೆ. ಅಂದರೆ ನಮ್ಮ ಶ್ರೀರಂಗಪಟ್ಟಣ.

ಭಾನುವಾರ

ಮಿನ್‌ಸ್ಟರಿನಲ್ಲಿ ಬೆಳಗಿನ ಆರಾಧನೆ ಇತ್ತು. ನಾವಿಬ್ಬರೂ ಹಿಂದಿನ ಒಂದು ಬೆಂಚಿನಲ್ಲಿ ಕೂತೆವು. ಬಂದವರಲ್ಲಿ ಹೆಚ್ಚಿನವರು ವಯಸ್ಸಾದವರು. ಆರ್ಗನ್ ಶುರುವಾದಾಗ ನೆಲವೇ ಸಣ್ಣಗೆ ನಡುಗಿತು. ಮುಗಿದ ಮೇಲೆ ಚಹಾ, ಬಿಸ್ಕತ್ತು ಕೊಟ್ಟರು. ಎಲ್ಲಿಂದ ಬಂದಿರಿ, ಏನು ನೋಡಿದಿರಿ ಎಂದು ಪ್ರೀತಿಯಿಂದ ವಿಚಾರಿಸಿದರು.

ನನ್ನ ಮನಸ್ಸೆಲ್ಲ ಈ ಚರ್ಚಿನೊಳಗೇ ಇರುವ ರೆಜಿಮೆಂಟಿನ ಚಾಪೆಲ್ (ಪುಟ್ಟ ಪ್ರಾರ್ಥನಾ ಕೋಣೆ) ಮೇಲಿತ್ತು. ಶುಕ್ರವಾರ ಅದನ್ನು ಮೇಲುಮೇಲಕ್ಕಷ್ಟೇ ನೋಡಿದ್ದೆ. ಹಳೇ ಧ್ವಜಗಳು ಗೋಡೆಯಿಂದ ಇಳಿಬಿದ್ದಿವೆ. ಬಟ್ಟೆ ಜಾಳು ಜಾಳಾಗಿ ಬಲೆಯಂತಾಗಿದೆ. ಈ ರೆಜಿಮೆಂಟ್ ಹಿಂದೆ ಎರಡಾಗಿತ್ತು, 33 ಮತ್ತು 76. 1881ರಲ್ಲಿ ಅವೆರಡನ್ನೂ ಸೇರಿಸಿದರು. 76ನೆಯದು 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅಲ್ಲಿತ್ತು. 33ನೆಯದನ್ನು 1799ರಲ್ಲಿ ಶ್ರೀರಂಗಪಟ್ಟಣಕ್ಕೆ ತಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು. ಏಪ್ರಿಲ್ 5ರ ರಾತ್ರಿ ಅವನು ಇದೇ ಪಡೆಯೊಂದಿಗೆ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿದ. ಕತ್ತಲು, ಕಾಲುವೆಗಳು, ಟಿಪ್ಪುವಿನ ರಾಕೆಟ್ಟುಗಳು. ದಾಳಿ ಮುರಿದುಬಿತ್ತು. ವೆಲ್ಲೆಸ್ಲಿ ಆ ರಾತ್ರಿಯನ್ನು ಮರೆಯಲಿಲ್ಲ ಎನ್ನುತ್ತಾರೆ. ಒಂದು ತಿಂಗಳಲ್ಲಿ, ಮೇ 4ರಂದು, ಕೋಟೆ ಬಿತ್ತು. ಟಿಪ್ಪು ಸತ್ತ.

ಶ್ರೀರಂಗಪಟ್ಟಣಕ್ಕೆ ಶಾಲೆಯ ಪ್ರವಾಸದಲ್ಲಿ ಹೋಗಿದ್ದೆ. ಟಿಪ್ಪು ಬಿದ್ದ ಜಾಗ ನೋಡಿದ್ದೆ. ಎದುರಿಗಿದ್ದವರು ಯಾರ ಮಕ್ಕಳು ಎಂದು ಯಾವತ್ತೂ ಯೋಚಿಸಿರಲಿಲ್ಲ. ನೇಕಾರರ ಮಕ್ಕಳು ಎಷ್ಟೋ ಜನ ಅವರಲ್ಲಿ ಇದ್ದಿರಬೇಕು. ಕೋಟೆ ಗೆದ್ದವರ ಮೇಲೆ ಇದರಿಂದ ನನಗೆ ಅಭಿಮಾನ ಬರಲಿಲ್ಲ. ಆದರೆ ಆ ಹುಡುಗರ ಹಸಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆ ಯುದ್ಧದ ಕಥೆ ಹೇಳುವುದು ಇನ್ನು ನನ್ನಿಂದ ಆಗದು. "ಮಂಡ್ಯದಲ್ಲಿ ಸತ್ತವನ ನೆನಪಿಗೆ ಯಾರ್ಕ್‌ಷೈರಲ್ಲಿ ಧ್ವಜ" ಎಂದಳು ಅಕ್ಕನ ಮಗಳು.

ಇದೇ ಚರ್ಚಿನಲ್ಲಿ ಒಂದು ಸಮಾಧಿ ಕಲ್ಲೂ ನೋಡುವುದಿತ್ತು. ಆನ್ ಲಿಸ್ಟರ್‌ಳದು. ಊರ ಹತ್ತಿರದ ಶಿಬ್ಡನ್ ಹಾಲ್‌ನ ಒಡತಿ, ಹುಟ್ಟಿದ್ದು 1791ರಲ್ಲಿ. ಜಮೀನು, ಕಲ್ಲಿದ್ದಲು ಗಣಿ ತಾನೇ ನೋಡಿಕೊಂಡವಳು. ಹೆಣ್ಣನ್ನು ಪ್ರೀತಿಸಿದ ಹೆಣ್ಣು. 1834ರ ಈಸ್ಟರ್‌ನಲ್ಲಿ ಯಾರ್ಕಿನ ಒಂದು ಚರ್ಚಿನಲ್ಲಿ ಆನ್ ವಾಕರ್ ಜೊತೆ ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಚರ್ಚಿನ ಸಂಸ್ಕಾರ) ತೆಗೆದುಕೊಂಡು, ಅದನ್ನೇ ತಮ್ಮ ಮದುವೆ ಎಂದು ಇಬ್ಬರೂ ನಂಬಿದರು. ಅವಳು ಬರೆದ ದಿನಚರಿ ಸುಮಾರು 50 ಲಕ್ಷ ಪದ, ಅದರಲ್ಲಿ ಆರನೇ ಒಂದು ಭಾಗ ಗುಪ್ತಲಿಪಿ. 1840ರಲ್ಲಿ ಇಬ್ಬರೂ ಪ್ರವಾಸದಲ್ಲಿದ್ದಾಗ ಜಾರ್ಜಿಯಾ ದೇಶದ ಕುಟೈಸಿಯಲ್ಲಿ ಆನ್ ಲಿಸ್ಟರ್ ಜ್ವರದಿಂದ ತೀರಿಕೊಂಡಳು. ಆನ್ ವಾಕರ್ ಆ ದೇಹವನ್ನು ಅಷ್ಟು ದೂರದಿಂದ ಊರಿಗೆ ತಂದಳು. 1841ರ ಏಪ್ರಿಲ್ 29ರಂದು ಈ ಚರ್ಚಿನಲ್ಲಿ ಮಣ್ಣು ಮಾಡಿದರು.

ಸಮಾಧಿಯ ಕಲ್ಲು ಆಮೇಲೆ ನೆಲದಡಿ ಮರೆಯಾಯಿತು. 2000ದಲ್ಲಿ ನೆಲ ಬಿಚ್ಚಿದಾಗ ಮುರಿದ ಸ್ಥಿತಿಯಲ್ಲಿ ಸಿಕ್ಕಿತು. ಈಗ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ. ನಾವು ನಿಂತಿದ್ದಾಗ ಇಬ್ಬರು ಹುಡುಗಿಯರು ಕೈ ಹಿಡಿದುಕೊಂಡು ಬಂದರು. ಆ ಕಲ್ಲನ್ನು ನೋಡಲೆಂದೇ ಬಹಳ ದೂರದಿಂದ ಬಂದವರು. ಅವರಿಗೆ ಜಾಗ ಬಿಟ್ಟು ನಾವು ಸರಿದೆವು.

ಸೋಮವಾರ

ಹ್ಯಾಲಿಫ್ಯಾಕ್ಸ್ ಪ್ಯಾರಿಷ್ ಒಂದು ಕಾಲಕ್ಕೆ ಇಂಗ್ಲೆಂಡಿನ ಅತಿ ದೊಡ್ಡ ಪ್ಯಾರಿಷ್‌ಗಳಲ್ಲಿ ಒಂದು, ಸುಮಾರು 120 ಚದರ ಮೈಲಿ. ನಕ್ಷೆಯಲ್ಲಿ ನೋಡಿದರೆ ಅದು ಅರ್ಥವಾಗುವುದಿಲ್ಲ. ಹೆಪ್ಟನ್‌ಸ್ಟಾಲ್‌ಗೆ ಹೋಗಬೇಕು ಎಂದು ಆ ಹಿರಿಯರೇ ಹೇಳಿದ್ದರು. ಹೆಬ್ಡನ್ ಬ್ರಿಡ್ಜ್‌ಗೆ ರೈಲು, ಅಲ್ಲಿಂದ ಕಲ್ಲು ಹಾಸಿದ ಕಡಿದಾದ ಹಳೇ ದಾರಿ. ಮೊಣಕಾಲು ನೋಯುವವರು ಬಸ್ಸು ಹಿಡಿಯುವುದು ಒಳ್ಳೆಯದು.

ದೂರದ ಹಳ್ಳಿಯವರಿಗೆ ಎಲ್ಲದಕ್ಕೂ ತಾಯಿ ಚರ್ಚಿಗೆ ಬರಲು ಕಷ್ಟ. ಹಾಗಾಗಿ ಎಲ್ಯಾಂಡ್, ಹೆಪ್ಟನ್‌ಸ್ಟಾಲ್‌ಗಳಲ್ಲಿ ಅದರ ಅಧೀನದ ಚರ್ಚುಗಳಿದ್ದವು. ಹೆಪ್ಟನ್‌ಸ್ಟಾಲ್‌ನಲ್ಲಿ ಒಂದೇ ಅಂಗಳದಲ್ಲಿ ಎರಡು ಚರ್ಚು ಇವೆ. ಹಳೆಯದು 1847ರ ಬಿರುಗಾಳಿಗೆ ಹಾಳಾಯಿತು. ಅದನ್ನು ಕೆಡವದೆ ಪಕ್ಕದಲ್ಲೇ ಹೊಸದನ್ನು ಕಟ್ಟಿ 1854ರಲ್ಲಿ ತೆರೆದರು. ಹಳೆಯದರ ಒಳಗೆ ಈಗ ಸೂರಿಲ್ಲ, ಕಂಬಗಳ ನಡುವೆ ಆಕಾಶ.

ಅಂಗಳದ ತುಂಬ ಮಲಗಿಸಿದ ಸಮಾಧಿ ಕಲ್ಲುಗಳು. ಅವುಗಳಲ್ಲಿ ಒಂದು ಡೇವಿಡ್ ಹಾರ್ಟ್ಲಿಯದು. ಚಿನ್ನದ ನಾಣ್ಯಗಳ ಅಂಚು ಕತ್ತರಿಸಿ, ಆ ಚೂರಿನಿಂದ ಹೊಸ ನಾಣ್ಯ ಮಾಡುತ್ತಿದ್ದ ಗುಂಪಿನ ನಾಯಕ. ಜನ ಅವನನ್ನು 'ರಾಜ ಡೇವಿಡ್' ಎನ್ನುತ್ತಿದ್ದರು. 1770ರಲ್ಲಿ ಯಾರ್ಕಿನಲ್ಲಿ ಗಲ್ಲಿಗೇರಿಸಿದರು. ಅಂಥವನಿಗೂ ಚರ್ಚಿನ ಅಂಗಳದಲ್ಲಿ ಜಾಗ ಸಿಕ್ಕಿದೆ. ಕೆಲವು ಹೆಜ್ಜೆ ಆಚೆ ಮೆಥಡಿಸ್ಟರ ಎಂಟು ಮೂಲೆಯ ಪ್ರಾರ್ಥನಾ ಮನೆ, 1764ರದ್ದು. ಇಷ್ಟು ಸಣ್ಣ ಹಳ್ಳಿಯಲ್ಲೂ ಎರಡು ಪಂಗಡ.

ಬೀದಿಯ ಮನೆಗಳನ್ನು ನೋಡುವುದು ಮರೆಯಬೇಡಿ. ಮೇಲಿನ ಮಹಡಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಉದ್ದನೆಯ ಕಿಟಕಿ ಸಾಲು. ಮಗ್ಗ ಇದ್ದದ್ದು ಅಲ್ಲಿ. ದೀಪಕ್ಕೆ ದುಡ್ಡು ಖರ್ಚು ಮಾಡದೆ ಹಗಲಿನ ಬೆಳಕು ಪೂರಾ ಬಳಸಬೇಕಲ್ಲ. ಅಂಥ ಮನೆಗಳಲ್ಲಿ ನೇಯ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಇಲ್ಲಿನವರು ಹ್ಯಾಲಿಫ್ಯಾಕ್ಸ್‌ಗೆ ನಡೆಯುತ್ತಿದ್ದರು.

ಇಳಿಯುವಾಗ ಅಕ್ಕನ ಮಗಳು ಅವಳ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಕಣಿವೆ ತೋರಿಸಿದಳು. ಅಕ್ಕ ದಾವಣಗೆರೆಯಿಂದ "ಅಲ್ಲೇನೇ ನೋಡೋಕಿದೆ, ಬರೀ ಕಲ್ಲು ಕಾಣ್ತಿದೆ" ಎಂದಳು. ಕಿಟಕಿ ಸಾಲು ತೋರಿಸಿ, ಅವು ಯಾಕೆ ಹಾಗಿವೆ ಎಂದು ಹೇಳಿದೆ. "ಅಪ್ಪ ಇದ್ದಿದ್ರೆ ಒಳಗೆ ಹೋಗಿ ಮಗ್ಗ ಎಲ್ಲಿ ಇಡ್ತಿದ್ರು ಅಂತ ಕೇಳೇ ಬರ್ತಿದ್ರು" ಎಂದಳು. ಬರುವ ಬೇಸಿಗೆಯಲ್ಲಿ ಅವಳೂ ಬರುತ್ತಾಳೆ. ಆಗ ಶಿಬ್ಡನ್ ಹಾಲ್, ಎಲ್ಯಾಂಡ್ ಚರ್ಚು, ಬಾಗಿಲು ತೆರೆದಿರುವ ದಿನ ನೋಡಿಕೊಂಡು ಆಲ್ ಸೋಲ್ಸ್.